ಓದುಗರ ಪ್ರಶ್ನೆ: ‘ನಿರ್ಮಾಪಕ ಅಂದರೆ ದುಡ್ಡು ಹಾಕುವವ, ಅದರಲ್ಲಿ ಓದುವುದೇನಿದೆ?’

ಚಲನಚಿತ್ರ ಮತ್ತು ಟೆಲಿವಿಷನ್ ನಿರ್ಮಾಣವನ್ನು ಪದವಿ ಮಟ್ಟದಲ್ಲಿ ಓದುವ ಕುರಿತು ಉತ್ತರ ಕನ್ನಡ ಜಿಲ್ಲೆಯಿಂದ ಈ ಸಲ ಐದು ಪತ್ರಗಳು ಬಂದಿವೆ. ಒಂದಕ್ಕೆ ಕೊಟ್ಟ ಉತ್ತರ ಇನ್ನೊಂದಕ್ಕೂ ಒದಗುವಂತಿರುವುದರಿಂದ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ನಾನು ಹಲವು ವರ್ಷ ಧಾರಾವಾಹಿ, ಸಿನಿಮಾಗಳಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಆಗಿ ದುಡಿದವನು. ಮಾತಿನಲ್ಲಿ ಖರ್ಚುವೆಚ್ಚದ ವಾಸನೆ ತುಸು ಹೆಚ್ಚಾಗಿ ಬಂದರೆ ಓದುಗರು ಮನ್ನಿಸಬೇಕು.

ಪ್ರಶ್ನೆ: ಈ ವರ್ಷ ವಾಣಿಜ್ಯ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ಸಿನಿಮಾ ನಿರ್ಮಾಣವನ್ನೇ ಮುಖ್ಯ ವಿಷಯವಾಗಿ ಓದಬೇಕೆಂಬ ಆಸೆ ಇದೆ. ಅಪ್ಪ ಮಾತ್ರ, ‘ನಿರ್ಮಾಪಕ ಅಂದರೆ ದುಡ್ಡು ಹಾಕುವವ. ನಮ್ಮ ಎರಡು ಎಕರೆ ತೋಟ ನಂಬಿ ಸಿನಿಮಾ ಮಾಡಲಿಕ್ಕೆ ಆಗುತ್ತದೆಯೇ? ಅದರಲ್ಲಿ ಓದುವುದಾದರೂ ಏನಿದೆ?’ ಎನ್ನುತ್ತಾರೆ. ಅವರಿಗೆ ಏನು ಹೇಳಲಿ? (ವಿದ್ಯಾರ್ಥಿನಿ, ಶಿರಸಿ ತಾಲ್ಲೂಕು)

ಉತ್ತರ: ನಿಮ್ಮ ಅಪ್ಪನ ಮಾತು ಅರ್ಧ ಸರಿ. ಹಣ ಹೂಡುವವರನ್ನೂ, ಕಥೆ ಕೈಗೆ ಬಂದ ದಿನದಿಂದ ಕೊನೆಯ ಬಿಲ್ಲು ಚುಕ್ತಾ ಆಗುವ ದಿನದವರೆಗೆ ಚಿತ್ರದ ಹೊಣೆ ಹೊರುವವರನ್ನೂ ನಾವು ‘ನಿರ್ಮಾಪಕ’ ಎಂಬ ಒಂದೇ ಹೆಸರಿನಿಂದ ಕರೆಯುತ್ತಾ ಬಂದಿದ್ದೇವೆ. ಗೊಂದಲ ಹುಟ್ಟಿದ್ದು ಅಲ್ಲಿ. ಕಾಲೇಜಿನಲ್ಲಿ ಕಲಿಸಲು ಸಾಧ್ಯವಿರುವುದು ಎರಡನೆಯ ಕೆಲಸವನ್ನು.

ಅಪ್ಪನಿಗೆ ಯಕ್ಷಗಾನ ಮೇಳದ ಯಜಮಾನನನ್ನು ನೆನಪಿಸಿ. ಯಜಮಾನನಾದವನು ಗೆಜ್ಜೆ ಕಟ್ಟಲೇಬೇಕೆಂದಿಲ್ಲ, ಜಾಗಟೆ ಹಿಡಿಯಬೇಕೆಂದೂ ಇಲ್ಲ. ಆದರೆ ತಿರುಗಾಟ ಶುರುವಾಗುವ ಮೊದಲೇ ಯಾವ ಭಾಗವತರು, ಯಾವ ಸ್ತ್ರೀವೇಷ ಎಂದು ಗೊತ್ತುಮಾಡಿ ಮುಂಗಡ ಕೊಟ್ಟಿರಬೇಕು. ಎಲ್ಲೆಲ್ಲಿ ಎಷ್ಟು ಆಟ ಎಂದು ದಿನ ಹಿಡಿದಿರಬೇಕು. ಲಾರಿ, ರಂಗಸ್ಥಳದ ಸಾಮಾನು, ಚೌಕಿಯಲ್ಲಿ ಊಟ ಎಲ್ಲವೂ ಹೊತ್ತಿಗೆ ಸರಿಯಾಗಿ ಒದಗಬೇಕು. ಡೇರೆ ಕಟ್ಟಿದ ರಾತ್ರಿ ಅಕಾಲದ ಮಳೆ ಬಂದು ಟಿಕೆಟ್ ಹೋಗದಿದ್ದರೂ ಕಲಾವಿದರ ಸಂಬಳ ನಿಲ್ಲುವಂತಿಲ್ಲ. ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಮೇಳದಲ್ಲಂತೂ ವೇಷ ಹಾಕುವವರೇ ಯಜಮಾನಿಕೆಯನ್ನೂ ಹೊತ್ತರು. ಸ್ವಂತ ಹಣವಿದ್ದವನೆಲ್ಲ ಮೇಳ ನಡೆಸಿ ದಡ ಸೇರಲಿಲ್ಲವೆಂಬುದು ನಮ್ಮ ಜಿಲ್ಲೆಯ ಹಿರಿಯರಿಗೆ ನಾನು ಹೇಳಿಕೊಡಬೇಕಾದ ಸಂಗತಿಯಲ್ಲ.

ಕಾನೂನಿನ ದೃಷ್ಟಿಯಿಂದಲೂ ಈ ಹುದ್ದೆ ಚಿಕ್ಕದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರವೊಂದರ ಕರ್ತೃ ಎಂದರೆ ಅದರ ನಿರ್ಮಾಪಕ. ಕಥೆ ಬರೆದವರಲ್ಲ, ನಿರ್ದೇಶಿಸಿದವರೂ ಅಲ್ಲ. ಚಿತ್ರ ಬಿಡುಗಡೆಯಾದ ಮೇಲೆ 60 ವರ್ಷ ಆ ಹಕ್ಕು ಉಳಿಯುತ್ತದೆ. 2012ರ ತಿದ್ದುಪಡಿಯ ನಂತರ ಗೀತರಚನಕಾರರಿಗೂ ಸಂಗೀತ ಸಂಯೋಜಕರಿಗೂ ಸಲ್ಲಬೇಕಾದ ರಾಯಧನದ ಪಾಲನ್ನು ಒಪ್ಪಂದದಲ್ಲಿ ಬರೆಸಿಕೊಂಡು ಕಿತ್ತುಕೊಳ್ಳುವಂತಿಲ್ಲ. ಈ ಎರಡು ಸಂಗತಿ ತಿಳಿಯದೆ ಕರಾರುಪತ್ರಕ್ಕೆ ಸಹಿ ಹಾಕಿದ ನಿರ್ಮಾಪಕರನ್ನು ನಾನು ಕಂಡಿದ್ದೇನೆ.

ಇನ್ನು ‘ಓದುವುದೇನಿದೆ’ ಎಂಬ ಪ್ರಶ್ನೆ. ಅದಕ್ಕೆ ಒಂದೇ ಒಂದು ದೃಶ್ಯವನ್ನು ಬಿಡಿಸಿ ತೋರಿಸುತ್ತೇನೆ. ಚಿತ್ರಕಥೆಯಲ್ಲಿ ಹೀಗಿದೆ ಎಂದುಕೊಳ್ಳಿ: ‘ರಾತ್ರಿ. ತದಡಿ ಬಂದರು. ಮಳೆ. ದೋಣಿಗಳು ಒಂದೊಂದಾಗಿ ಕಡಲಿಗೆ ಹೊರಡುತ್ತಿವೆ.’ ಬರೆದವರಿಗೆ ಇದು ಎರಡು ಸಾಲು. ನಿರ್ಮಾಣದ ವಿದ್ಯಾರ್ಥಿ ಮೊದಲು ಪುಟವನ್ನು ಎಂಟು ಭಾಗ ಮಾಡಿ, ಈ ದೃಶ್ಯ ಅದರಲ್ಲಿ ಎಷ್ಟು ಭಾಗ ಎಂದು ಗುರುತು ಹಾಕುತ್ತಾನೆ. ಒಂದು ಪುಟಕ್ಕೆ ಪರದೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ರೂಢಿಯ ಲೆಕ್ಕದಲ್ಲಿ ಇದು ಹದಿನೈದು ಸೆಕೆಂಡಿನಷ್ಟು ಬಂದೀತು. ಆಮೇಲೆ, ದೃಶ್ಯಕ್ಕೆ ಬೇಕಾದದ್ದನ್ನೆಲ್ಲ ಪಟ್ಟಿ ಮಾಡುವ ಬ್ರೇಕ್‌ಡೌನ್ ಹಾಳೆ ತೆರೆಯುತ್ತದೆ. ರಾತ್ರಿ ಎಂದರೆ ಜನರೇಟರ್ ವ್ಯಾನ್, ಹೆಚ್ಚಿನ ದೀಪಗಳು, ರಾತ್ರಿಯ ಬೇಟಾ (ಕೆಲಸಗಾರರ ಭತ್ಯೆ), ಮತ್ತು ಮರುದಿನ ಬೆಳಿಗ್ಗೆ ಅದೇ ಯೂನಿಟ್ಟನ್ನು ಕೆಲಸಕ್ಕೆ ಕರೆಯುವಂತಿಲ್ಲ. ಮಳೆ ಎಂದರೆ ನಿಜವಾದ ಮಳೆಗಾಲ ಅಥವಾ ಟ್ಯಾಂಕರ್ ನೀರು. ದೋಣಿ ಎಂದರೆ ಇನ್ನೊಂದು ತೊಡಕು: ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮಳೆ ಜೋರಾಗಿರುವ ಹೊತ್ತಿಗೆ ದೋಣಿಗಳೆಲ್ಲ ದಡದಲ್ಲಿರುತ್ತವೆ. ಆಗಸ್ಟಿನಲ್ಲಿ ಮಳೆಯೂ ಇರುತ್ತದೆ, ದೋಣಿಯೂ ಹೊರಡುತ್ತದೆ ನಿಜ. ಆದರೆ ಎರಡು ತಿಂಗಳು ಸಂಪಾದನೆಯಿಲ್ಲದೆ ಕೂತ ಮಾಲೀಕ ಅದೇ ವಾರ ದೋಣಿಯನ್ನು ನಿಮ್ಮ ಶೂಟಿಂಗಿಗೆ ಬಿಟ್ಟುಕೊಡಬೇಕಾದರೆ ಕೇಳುವ ಬಾಡಿಗೆ ಬೇರೆಯೇ ಆಗಿರುತ್ತದೆ.

ಇಲ್ಲಿಯವರೆಗಿನದು ಲೆಕ್ಕ. ಮುಂದಿನದು ನಿರ್ಮಾಣ. ಹಾಳೆ ಹಿಡಿದುಕೊಂಡು ಹೋಗಿ ನಿರ್ದೇಶಕರನ್ನು ಕೇಳಬೇಕು: ದೋಣಿಗಳು ಹೊರಡಲೇಬೇಕೆ? ತಾಡಪಾಲು ಹೊದ್ದು ಸಾಲಾಗಿ ಮಲಗಿದ ಜೂನ್ ತಿಂಗಳ ದೋಣಿಗಳ ನಡುವೆ, ಕೆಲಸವಿಲ್ಲದ ಜನ ಬಲೆ ನೇಯುತ್ತಾ ಕೂತ ಮಧ್ಯಾಹ್ನದಲ್ಲಿ ಇದೇ ಮಾತುಕತೆ ನಡೆದರೆ ಕಥೆಗೆ ನಷ್ಟವೇ, ಲಾಭವೇ? ಹಾಗೆ ಕೇಳಲು ಚಿತ್ರಕಥೆಯ ಒಳಹೊರಗು ಗೊತ್ತಿರಬೇಕು. ಖರ್ಚು ಕಡಿಮೆ ಮಾಡಿ ಎಂದಷ್ಟೇ ಹೇಳುವವನನ್ನು ನಿರ್ದೇಶಕರು ಗುಮಾಸ್ತನೆಂದು ತಿಳಿಯುತ್ತಾರೆ, ತಿಳಿದರೆ ತಪ್ಪೂ ಇಲ್ಲ.

ಬಜೆಟ್ ಹಾಳೆಯಲ್ಲಿ ಒಂದು ಗೆರೆ ಇರುತ್ತದೆ. ಕಥೆ, ನಿರ್ದೇಶಕ, ಮುಖ್ಯ ಕಲಾವಿದರು, ನಿರ್ಮಾಪಕರ ಸಂಭಾವನೆ ಗೆರೆಯ ಮೇಲೆ. ಕ್ಯಾಮೆರಾ, ಸೆಟ್ಟು, ಊಟ, ವಾಹನ, ಸಂಕಲನ ಇತ್ಯಾದಿ ಗೆರೆಯ ಕೆಳಗೆ. ದಿನದಿನದ ಖರ್ಚಿನ ಮೇಲೆ ಕಣ್ಣಿಡುವ ‘ಲೈನ್ ಪ್ರೊಡ್ಯೂಸರ್’ ಎಂಬ ಹೆಸರು ಬಂದದ್ದು ಆ ಗೆರೆಯಿಂದಲೇ. ಕೊನೆಗೆ ಒಟ್ಟು ಮೊತ್ತದ ಸುಮಾರು ಶೇ. 10ರಷ್ಟನ್ನು ಆಕಸ್ಮಿಕ ವೆಚ್ಚಕ್ಕೆಂದು ತೆಗೆದಿಡುವುದು ರೂಢಿ. ಅಡಿಕೆಯ ಕೊಳೆ ರೋಗಕ್ಕೆ ಎರಡು ಸಲ ಮದ್ದು ಹೊಡೆದ ಮೇಲೂ ಮಳೆ ಬಿಡದಿದ್ದರೆ ಮೂರನೆಯ ಸಲಕ್ಕೆ ಹಣ ಬೇಕಲ್ಲ, ಹಾಗೆ. ಇದನ್ನು ನಿಮ್ಮ ಅಪ್ಪನಿಗೆ ವಿವರಿಸುವ ಅಗತ್ಯವೇ ಬೀಳಲಾರದು.

ಚಿತ್ರ ಮಾರುವ ಬಗೆಯೂ ಅವರಿಗೆ ಗೊತ್ತಿರುವಂಥದ್ದೇ. ಮರದ ಮೇಲಿರುವ ಅಡಿಕೆಯನ್ನು ಫಸಲು ಗುತ್ತಿಗೆಗೆ ಕೊಟ್ಟರೆ ಹಣ ಮೊದಲೇ ಬರುತ್ತದೆ, ಆಮೇಲೆ ಧಾರಣೆ ಏರಿದರೂ ಇಳಿದರೂ ಗುತ್ತಿಗೆದಾರನದು. ಒಂದು ಪ್ರದೇಶದ ವಿತರಣೆಯ ಹಕ್ಕನ್ನು ‘ಮಿನಿಮಮ್ ಗ್ಯಾರಂಟಿ’ಗೆ ಕೊಡುವುದು ಬಹುಮಟ್ಟಿಗೆ ಇದೇ ವ್ಯವಹಾರ, ವ್ಯತ್ಯಾಸವೆಂದರೆ ವಿತರಕ ಹಾಕಿದ ಹಣಕ್ಕಿಂತ ಹೆಚ್ಚು ಗಳಿಕೆಯಾದರೆ ಅದರಲ್ಲಿ ನಿರ್ಮಾಪಕನಿಗೂ ಪಾಲು ಬರುವಂತೆ ಬರೆಸಿಕೊಳ್ಳಬಹುದು. ಬರೆಸಿಕೊಳ್ಳದಿದ್ದರೆ ಇಲ್ಲ. ಸೆನ್ಸಾರ್ ಕೂಡ ಇದೇ ಲೆಕ್ಕದೊಳಗೆ ಬರುತ್ತದೆ: 1952ರ ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿ ‘ಯುಎ’ ವರ್ಗವನ್ನು 7, 13 ಮತ್ತು 16 ವರ್ಷ ಮೇಲ್ಪಟ್ಟವರಿಗೆಂದು ಮೂರಾಗಿ ಒಡೆಯಿತಲ್ಲದೆ, ‘ಎ’ (ವಯಸ್ಕರಿಗೆ ಮಾತ್ರ) ಪ್ರಮಾಣಪತ್ರದ ಚಿತ್ರವನ್ನು ಟಿವಿಯಲ್ಲಿ ತೋರಿಸಬೇಕಾದರೆ ಬೇರೆ ಪ್ರಮಾಣಪತ್ರ ಬೇಕೆಂದಿತು. ಚಿತ್ರಕಥೆಯ ಒಂದು ಹೊಡೆದಾಟ ಚಾನೆಲ್‌ಗೆ ಮಾರುವ ಬೆಲೆಯನ್ನು ಹೇಗೆ ತಗ್ಗಿಸಬಲ್ಲದೆಂದು ಬರೆಯುವ ಹಂತದಲ್ಲಿಯೇ ಯಾರಾದರೊಬ್ಬರು ಯೋಚಿಸಿರಬೇಕು.

ಟೆಲಿವಿಷನ್ನಿನ ದಾರಿ ಬೇರೆ. ಹಿಂದೆ ದೂರದರ್ಶನದ ಪ್ರಾಯೋಜಿತ ಧಾರಾವಾಹಿಗಳಲ್ಲಿ ನಿರ್ಮಾಪಕನೇ ಪ್ರಸಾರ ಶುಲ್ಕ ಕಟ್ಟಿ, ಪ್ರತಿಯಾಗಿ ಸಿಕ್ಕ ಜಾಹೀರಾತಿನ ಸಮಯವನ್ನು ಮಾರಿಕೊಳ್ಳುತ್ತಿದ್ದ. ಈಗಿನ ಖಾಸಗಿ ಚಾನೆಲ್‌ಗಳು ಹೆಚ್ಚಾಗಿ ಕಂತಿಗೆ ಇಂತಿಷ್ಟು ಎಂದು ಕೊಟ್ಟು, ಹಕ್ಕನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತವೆ. ಅರ್ಧ ಗಂಟೆಯ ಕಂತಿಗೆ ಇಪ್ಪತ್ತೆರಡು ನಿಮಿಷದ ಆಸುಪಾಸಿನ ದೃಶ್ಯ ಬೇಕು, ವಾರಕ್ಕೆ ಐದಾರು ಕಂತು ಬೇಕು. ಮುಗಿದ ಕಂತುಗಳು ಒಂದಿಷ್ಟು ಕೈಯಲ್ಲಿರಬೇಕು. ಅದನ್ನು ನಾವು ‘ಬ್ಯಾಂಕ್’ ಎನ್ನುತ್ತೇವೆ. ನಾನು ದುಡಿದ ಒಂದು ಧಾರಾವಾಹಿಯಲ್ಲಿ ಬ್ಯಾಂಕ್ ಎರಡು ಕಂತಿಗೆ ಇಳಿದಿದ್ದಾಗ ನಾಯಕಿಗೆ ಜ್ವರ ಬಂತು. ಅವರ ದೃಶ್ಯಗಳನ್ನೆಲ್ಲ ‘ತವರಿಗೆ ಹೋಗಿದ್ದಾಳೆ’ ಎಂಬ ಒಂದು ಮಾತಿನ ಮೇಲೆ ನಿಲ್ಲಿಸಿ, ಅತ್ತೆ ಮತ್ತು ನಾದಿನಿಯರ ಮೇಲೆ ನಾಲ್ಕು ಕಂತು ಓಡಿಸಿದೆವು. ಅದೇ ಚಾನೆಲ್ ನಮಗೆ ಹಣ ಕೊಟ್ಟದ್ದು ಮಾತ್ರ ಮೂರು ತಿಂಗಳು ತಡವಾಗಿ. ಅಷ್ಟು ದಿನ ಲೈಟ್‌ಮ್ಯಾನ್‌ಗಳ ಬೇಟಾ ನಿಲ್ಲಿಸಲಾಗದೆ ನಮ್ಮ ನಿರ್ಮಾಪಕರು ಬಡ್ಡಿಗೆ ತಂದರು. ಲಾಭ ಬರುವುದು ಬೇರೆ, ಕೈಯಲ್ಲಿ ಕಾಸಿರುವುದು ಬೇರೆ ಎಂದು ನಾನು ಕಲಿತದ್ದು ಆ ಮಳೆಗಾಲದಲ್ಲಿ. ವಾಣಿಜ್ಯ ಓದಿದ ನಿಮಗೆ ಇದು ಪುಸ್ತಕದಲ್ಲೇ ಸಿಕ್ಕಿರಬೇಕು.

ನನ್ನ ಸಲಹೆ ನೇರವಾಗಿ ಇದು: ಊರಿನ ಹತ್ತಿರವೇ ಬಿ.ಕಾಂ. ಸೇರಿ, ರಂಗಭೂಮಿ, ಚಲನಚಿತ್ರ ಸಮಾಜ, ಕಿರುಚಿತ್ರ ಎಲ್ಲಿ ಸಿಕ್ಕರೂ ಲೆಕ್ಕ ಮತ್ತು ವ್ಯವಸ್ಥೆಯ ಹೊಣೆ ಕೇಳಿ ಪಡೆಯಿರಿ, ಮೂರು ವರ್ಷದ ನಂತರ ನಿರ್ಮಾಣವನ್ನು ಓದಿ. ಪದವಿಯಲ್ಲಿಯೇ ಓದಬೇಕೆಂಬ ಹಠವಿದ್ದರೆ ಮುಂದಿನ ಉತ್ತರದಲ್ಲಿ ಹೇಳಿರುವುದನ್ನು ಮೊದಲು ವಿಚಾರಿಸಿ.

ಪ್ರಶ್ನೆ: ಮಗನಿಗೆ ಮಹಾನಗರದ ಖಾಸಗಿ ಸಂಸ್ಥೆಯೊಂದರಲ್ಲಿ ಸಿನಿಮಾ ನಿರ್ಮಾಣದ ಪದವಿಗೆ ಸೀಟು ಸಿಕ್ಕಿದೆ. ಶುಲ್ಕ ನಮ್ಮ ಶಕ್ತಿ ಮೀರಿದ್ದು. ‘ಶೇ. 100 ಉದ್ಯೋಗ’ ಎಂದು ಮಾಹಿತಿ ಪುಸ್ತಕದಲ್ಲಿ ಅಚ್ಚಾಗಿದೆ. ನಂಬಬಹುದೇ? (ತಾಯಿ, ಹೊನ್ನಾವರ)

ಉತ್ತರ: ಆ ಸಾಲನ್ನು ನಂಬಬೇಡಿ. ನಿರ್ಮಾಣ ವಿಭಾಗದ ಕೆಲಸ ಹೆಚ್ಚಿನದು ಒಂದೊಂದು ಚಿತ್ರಕ್ಕೆಂದು, ಒಂದೊಂದು ಶೆಡ್ಯೂಲಿಗೆಂದು ಸಿಗುವಂಥದ್ದು. ಅದಕ್ಕೆ ಕಾಲೇಜಿಗೆ ಬಂದು ಆಯ್ಕೆ ಮಾಡಿಕೊಂಡು ಹೋಗುವ ಕಂಪನಿಗಳು ಕಡಿಮೆ. ಇದೇ ಕೋರ್ಸ್ ಮುಗಿಸಿದವರ ಹೆಸರು ಯಾವ ಚಿತ್ರದ, ಯಾವ ಧಾರಾವಾಹಿಯ ಟೈಟಲ್ ಕಾರ್ಡಿನಲ್ಲಿ, ಯಾವ ಹುದ್ದೆಯ ಮುಂದೆ ಬಂದಿದೆ ಎಂದು ಕೇಳಿ. ಅದನ್ನು ನೀವೇ ನೋಡಿ ಖಚಿತಪಡಿಸಿಕೊಳ್ಳಬಹುದು.

ಸಂಸ್ಥೆ ನೋಡಲು ಹೋದಾಗ ಕ್ಯಾಮೆರಾಗಳ ಕೋಣೆ ತೋರಿಸುತ್ತಾರೆ. ಅದು ಛಾಯಾಗ್ರಹಣದ ಮಕ್ಕಳಿಗೆ ಬೇಕು. ನಿಮ್ಮ ಮಗನ ವಿಷಯದಲ್ಲಿ ಕೇಳಬೇಕಾದದ್ದು ಒಂದೇ: ಓದು ಮುಗಿಯುವುದರೊಳಗೆ ಅವನು ಎಷ್ಟು ಚಿತ್ರಗಳಿಗೆ ನಿರ್ಮಾಪಕನಾಗುತ್ತಾನೆ? ತನ್ನದೇ ಚಿತ್ರಕ್ಕಲ್ಲ, ಸಹಪಾಠಿ ನಿರ್ದೇಶಿಸುವ ಚಿತ್ರಕ್ಕೆ. ಸಂಸ್ಥೆ ಅದಕ್ಕೆ ಗೊತ್ತಾದ ಮೊತ್ತ ಕೊಟ್ಟು, ಮೀರಿದರೆ ಅಂಕ ಕಳೆದು, ಕೊನೆಗೆ ರಸೀದಿ ಸಹಿತ ಲೆಕ್ಕ ಒಪ್ಪಿಸಿಕೊಳ್ಳುತ್ತದೆಯೇ? ಕರಾರುಪತ್ರ ಬರೆಯುವುದನ್ನು ಚಿತ್ರರಂಗದ ವ್ಯವಹಾರ ನೋಡುವ ವಕೀಲರು ಕಲಿಸುತ್ತಾರೆಯೇ? ಎಲ್ಲರೂ ನಿರ್ದೇಶಕರೇ ಆಗಿ, ನಿರ್ಮಾಣವೆಂದರೆ ಕೊನೆಯ ವರ್ಷದ ಎರಡು ಪತ್ರಿಕೆಗಳು ಮಾತ್ರ ಎಂದಾದರೆ ಅಷ್ಟು ಶುಲ್ಕ ತೆರುವುದು ಬೇಡ.

ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು, ಅದಕ್ಕೆ ಯುಜಿಸಿ ಮಾನ್ಯತೆ ಇದೆಯೇ ಎಂಬುದನ್ನು ಕಾಗದದಲ್ಲಿ ಕೇಳಿ ಪಡೆಯಿರಿ. ಮುಂದೆ ಅವನು ಬೇರೆ ದಾರಿ ಹಿಡಿಯಬೇಕೆಂದರೆ ಆಗ ಉಪಯೋಗಕ್ಕೆ ಬರುವುದು ಅದೇ. ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳು 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿವೆ. ಖಾಸಗಿಯವರು ನಾಲ್ಕು ವರ್ಷವೆಂದರೆ ಆ ಒಂದು ವರ್ಷದ ಶುಲ್ಕ, ಊಟ, ವಸತಿ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ಸರ್ಕಾರಿ ಸಂಸ್ಥೆಯೇ ಬೇಕೆಂದು ಬೆಂಗಳೂರು ಬಳಿಯ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯತ್ತ ನೋಡುವವರಿದ್ದಾರೆ. ಅಲ್ಲಿರುವುದು ಛಾಯಾಗ್ರಹಣ ಮತ್ತು ಧ್ವನಿಗ್ರಹಣದ ಡಿಪ್ಲೊಮಾ, ಒಳ್ಳೆಯದೇ, ಆದರೆ ನಿರ್ಮಾಣದ ಓದಲ್ಲ. ಮನೆ, ಜಮೀನು ಅಡವಿಟ್ಟು ಈ ಪದವಿ ಓದಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕಲಿತು ಬಂದ ಮೊದಲ ಎರಡು ಮೂರು ವರ್ಷ ಈ ಉದ್ಯೋಗದಲ್ಲಿ ಕೈಗೆ ಬರುವ ಹಣ ಸಾಲದ ಕಂತು ಕಟ್ಟುವಷ್ಟಿರುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿ ಇದನ್ನೇ ಪದವಿಯಾಗಿ ಓದಬಹುದಂತೆ. ಹೋಗುವುದು ಸೂಕ್ತವೇ? (ವಿದ್ಯಾರ್ಥಿ, ಕಾರವಾರ)

ಉತ್ತರ: ಓದಬಹುದು. ಕ್ಯಾಲಿಫೋರ್ನಿಯಾದ ಚಾಪ್‌ಮನ್ ವಿಶ್ವವಿದ್ಯಾಲಯದಲ್ಲಿ ‘ಕ್ರಿಯೇಟಿವ್ ಪ್ರೊಡ್ಯೂಸಿಂಗ್’ ಎಂಬ ಬಿ.ಎಫ್.ಎ. ಪದವಿ ಇದೆ, ಅದೇ ರಾಜ್ಯದ ಯುಎಸ್‌ಸಿ ವಿಶ್ವವಿದ್ಯಾಲಯದ ಪೀಟರ್ ಸ್ಟಾರ್ಕ್ ಕೋರ್ಸ್, ಯುಸಿಎಲ್‌ಎ ವಿಶ್ವವಿದ್ಯಾಲಯದ ನಿರ್ಮಾಪಕರ ಕೋರ್ಸ್ ಹೆಸರಾದವು, ಆದರೆ ಅವು ಸ್ನಾತಕೋತ್ತರ. ಆಸ್ಕರ್‌ನ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ನಿರ್ಮಾಪಕರ ಕೈಗೆ ಕೊಡುವ ದೇಶವಾದ್ದರಿಂದ ಈ ವಿದ್ಯೆಗೆ ಅಲ್ಲಿ ಗೌರವವಿದೆ. ಚಿತ್ರಕಥೆ ಓದಿ ಅದರ ಗುಣದೋಷವನ್ನು ಎರಡು ಪುಟದಲ್ಲಿ ಬರೆಯುವ ಅಭ್ಯಾಸವನ್ನು ಚೆನ್ನಾಗಿ ಮಾಡಿಸುತ್ತಾರೆ. ಅದು ಎಲ್ಲಿಯೂ ಸಲ್ಲುತ್ತದೆ. ಆದರೆ ಕಲಾವಿದರ ಒಕ್ಕೂಟದ ನಿಯಮ, ರಾಜ್ಯಗಳು ಕೊಡುವ ತೆರಿಗೆ ವಿನಾಯಿತಿ, ಚಿತ್ರ ಮುಗಿಸಿಕೊಡುವ ಖಾತರಿ ಪತ್ರ ಇತ್ಯಾದಿಗಳು ಆ ನೆಲದ ವ್ಯವಹಾರ. ಓದಿದ ಮೇಲೆ ಅಲ್ಲಿ ಕೆಲಸ ಮಾಡಲು ವಿದ್ಯಾರ್ಥಿ ವೀಸಾದ ಮೇಲೆ ಸಾಮಾನ್ಯವಾಗಿ 12 ತಿಂಗಳ ಅವಕಾಶ ಸಿಗುತ್ತದೆ. ಈ ರಂಗದಲ್ಲಿ ಪರಿಚಯ ಬೆಳೆಯಲು ಅದು ಸಾಲದು. ಪೂರ್ಣ ವಿದ್ಯಾರ್ಥಿವೇತನ ಸಿಕ್ಕರೆ ಹೋಗಿ, ಇಲ್ಲದಿದ್ದರೆ ಬೇಡ.

ಪ್ರಶ್ನೆ: ಪದವಿ ಅರ್ಧಕ್ಕೆ ಬಿಟ್ಟು ಮದುವೆ ವಿಡಿಯೊ, ಡ್ರೋನ್ ಶೂಟಿಂಗ್ ಮಾಡಿಕೊಂಡಿದ್ದೇನೆ. ಓದಿಲ್ಲದೆ ಲೈನ್ ಪ್ರೊಡ್ಯೂಸರ್ ಆಗಲು ಸಾಧ್ಯವೇ? (ಓದುಗ, ಅಂಕೋಲಾ)

ಉತ್ತರ: ಸಾಧ್ಯ, ಮತ್ತು ನಿಮ್ಮ ಜಿಲ್ಲೆಯೇ ನಿಮ್ಮ ಬಂಡವಾಳ. ‘ನಮ್ಮೂರ ಮಂದಾರ ಹೂವೇ’ ಬಂದ 1996ರ ನಂತರ ಯಾಣದ ಬಂಡೆಗಳನ್ನು ಹುಡುಕಿಕೊಂಡು ಬಂದವರೆಷ್ಟು ಮಂದಿ! ಹೊರಗಿನಿಂದ ಬರುವ ತಂಡಕ್ಕೆ ಇಲ್ಲಿ ಯಾರನ್ನು ಏನು ಕೇಳಬೇಕೆಂಬುದು ತಿಳಿಯದು, ಅದು ತಿಳಿದವನಿಗೆ ಕೆಲಸವಿದೆ. ಕಾಡಿನಲ್ಲಿ ಚಿತ್ರೀಕರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಕಾಳಿ ಹುಲಿ ಸಂರಕ್ಷಿತ ಪ್ರದೇಶವಾದರೆ ನಿಯಮ ಇನ್ನೂ ಬಿಗಿ. ಬನವಾಸಿಯ ಮಧುಕೇಶ್ವರ ದೇವಾಲಯ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅರ್ಚಕರು ಹೂಂ ಎಂದರೆ ಸಾಲದು. ದೃಶ್ಯದಲ್ಲಿ ಎತ್ತು, ನಾಯಿ ಇದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಬೇಕು. ಡ್ರೋನ್ ವಿಷಯದಲ್ಲಿ ವಿಶೇಷ ಎಚ್ಚರಿಕೆ ಇರಲಿ: ಕಾರವಾರದ ಕದಂಬ ನೌಕಾನೆಲೆ ನಿಮ್ಮೂರಿನ ಮಗ್ಗುಲಲ್ಲೇ ಇದೆ, 2021ರ ಡ್ರೋನ್ ನಿಯಮಗಳ ಪ್ರಕಾರ ಹಾರಿಸುವ ಮುನ್ನ ಆ ಜಾಗ ಯಾವ ವಲಯದಲ್ಲಿದೆ ಎಂದು ಸರ್ಕಾರದ ‘ಡಿಜಿಟಲ್ ಸ್ಕೈ’ ಜಾಲತಾಣದ ನಕ್ಷೆಯಲ್ಲಿ ನೋಡಲೇಬೇಕು. ಮದುವೆ ಮನೆಯವರು ಒತ್ತಾಯಿಸಿದರು ಎಂಬುದು ಸಬೂಬಾಗುವುದಿಲ್ಲ. ಒಂದೆರಡು ತಂಡಗಳಿಗೆ ಅನುಮತಿ, ವಾಹನ, ಊಟ, ವಸತಿಯನ್ನು ರಸೀದಿ ತಪ್ಪದಂತೆ ನಿಭಾಯಿಸಿಕೊಟ್ಟರೆ ಮೂರನೆಯ ತಂಡ ತಾನಾಗಿ ಫೋನ್ ಮಾಡುತ್ತದೆ. ಬಿಟ್ಟ ಪದವಿಯನ್ನು ಬಿಡುವಿನಲ್ಲಿ ಮುಗಿಸಿಕೊಳ್ಳಿ. ಏಕೆಂಬುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಈಗ ಸಿನಿಮಾ ನಿರ್ಮಾಣದತ್ತ ಹೊರಳುವುದು ತಡವಾಯಿತೇ? (ವಿದ್ಯಾರ್ಥಿನಿ, ಕುಮಟಾ)

ಉತ್ತರ: ಇದೇ ಸರಿಯಾದ ಹೊತ್ತು. ಕೋಲ್ಕತ್ತದಲ್ಲಿ 1995ರಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ಅಧೀನದ ಸತ್ಯಜಿತ್ ರೇ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್‌ನಲ್ಲಿ ‘ಪ್ರೊಡ್ಯೂಸಿಂಗ್ ಫಾರ್ ಫಿಲ್ಮ್ ಅಂಡ್ ಟೆಲಿವಿಷನ್’ ಎಂಬ ಸ್ನಾತಕೋತ್ತರ ವಿಭಾಗವೇ ಇದೆ. ಯಾವುದೇ ವಿಷಯದಲ್ಲಿ ಪದವಿ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆಯಬಹುದು. ಆಮೇಲೆ ಸಂದರ್ಶನ ಇರುತ್ತದೆ. ನಿರ್ದೇಶನ, ಛಾಯಾಗ್ರಹಣ, ಸಂಕಲನದ ವಿದ್ಯಾರ್ಥಿಗಳ ನಡುವೆ ಇದ್ದುಕೊಂಡು, ಅವರ ಚಿತ್ರಗಳ ಹೊಣೆ ಹೊತ್ತು ಕಲಿಯುವ ಅವಕಾಶ ಅಲ್ಲಿದೆ. ಖಾಸಗಿ ಸಂಸ್ಥೆಯ ಮಾಹಿತಿ ಪುಸ್ತಕಕ್ಕಿಂತ ನಾನು ಅದನ್ನೇ ಮುಂದಿಡುವುದು ಈ ಕಾರಣಕ್ಕೆ.

ಸಿದ್ಧತೆಗೆ ದೊಡ್ಡ ದೊಡ್ಡ ಗ್ರಂಥ ಬೇಕಿಲ್ಲ. ಭಾರತದ ಬೇರೆ ಬೇರೆ ಭಾಷೆಗಳ ಚಿತ್ರಗಳನ್ನು ನೋಡಿ, ಪ್ರತಿಯೊಂದರ ಟೈಟಲ್ ಕಾರ್ಡನ್ನು ಕೊನೆಯವರೆಗೆ ಓದಿ. ಆ ಚಿತ್ರ ಎಷ್ಟು ಸ್ಥಳಗಳಲ್ಲಿ, ಎಷ್ಟು ರಾತ್ರಿ ತೆಗೆದದ್ದಿರಬಹುದೆಂದು ಅಂದಾಜು ಬರೆದಿಟ್ಟುಕೊಳ್ಳಿ. ಇನ್ನೊಂದು ಕೆಲಸ ನಿಮ್ಮ ಕಾಲೇಜಿನಲ್ಲೇ ಇದೆ. ಈ ವರ್ಷದ ಗ್ಯಾದರಿಂಗಿನ ನಾಟಕದಲ್ಲಿ ಪಾತ್ರ ಕೇಳಬೇಡಿ, ವ್ಯವಸ್ಥೆಯ ಹೊಣೆ ಕೇಳಿ. ವೇಷಭೂಷಣದ ಬಾಡಿಗೆ, ಬೆಳಕಿನವನಿಗೆ ಕೊಟ್ಟ ಮುಂಗಡ, ತಾಲೀಮಿನ ದಿನಗಳ ಚಹಾ ಅವಲಕ್ಕಿ, ಕೊನೆಯ ಗಳಿಗೆಯಲ್ಲಿ ಪರದೆ ಹರಿದು ಹೊಸದು ತಂದದ್ದು, ಅಂದಾಜಿಗಿಂತ ಎಲ್ಲಿ ಹೆಚ್ಚಾಯಿತು, ಏಕೆ ಎಂಬುದನ್ನೆಲ್ಲ ಒಂದು ವಹಿಯಲ್ಲಿ ತಾರೀಖು ಹಾಕಿ ಬರೆದಿಡಿ. ಸಂದರ್ಶನಕ್ಕೆ ಹೋಗುವಾಗ ಪ್ರಮಾಣಪತ್ರಗಳ ಜೊತೆಗೆ ಆ ವಹಿಯೂ ಇರಲಿ.